ತೌಡಿಗೆ ಮಾರಿದ ಮಗಳು

ಪರಸ್ತ್ರೀಯೊಬ್ಬಳ ಎದುರು ನಿಂತು 'ಎಷ್ಟು ಹಡೆದೆ, ಎಷ್ಟು ಉಳಿದವು' ಎಂದು ನೀವು ಎಂದಾದರೂ ಕೇಳಿದ್ದೀರಾ? ನಾನು ಕೇಳಿದ್ದೇನೆ. ಹಾಡುಹಗಲಲ್ಲಿ, ಅವಳ ಗಂಡನ ಮುಂದೆಯೇ. ಏಟು ಬೀಳಲಿಲ್ಲ. ಸರಕಾರದ ಹುಕುಂ ಜೊತೆಗಿತ್ತು.

ಈ ಸಲದ ಖಾನೇಸುಮಾರಿಗೆ (ಪೇಟೆಯವರು ಸೆನ್ಸಸ್ ಎನ್ನುತ್ತಾರೆ) ನಮ್ಮಂಥ ಸಾಲಿ ಮಾಸ್ತರರಿಗೆಲ್ಲ ಡ್ಯೂಟಿ ಬಿದ್ದಿತ್ತು. ನನ್ನ ಪಾಲಿಗೆ ಬಂದದ್ದು ಗಂಗಾವತಿಯ ಹತ್ತಿರದ ಮರಳಿ ಎಂಬ ಹಳ್ಳಿ. ಹೆಸರು, ವಯಸ್ಸು, ಕಸುಬು ಕೇಳುವುದು ಸಲೀಸು. ಆದರೆ ಮದುವೆಯಾದ ಹೆಂಗಸರಿಗೆ ಬೇರೆ ಒಂದು ಪ್ರಶ್ನೆ ಇತ್ತು. ಹಡೆದ ಮಕ್ಕಳೆಷ್ಟು? ಬದುಕಿರುವವು ಎಷ್ಟು? ಹುಟ್ಟಿದ ಕೂಸುಗಳಲ್ಲಿ ಎಷ್ಟು ಕೈಗೆ ಹತ್ತುತ್ತವೆ, ದೇಶದ ಜನ ಬೆಳೆಯುತ್ತಾರೋ ಕರಗುತ್ತಾರೋ ಎಂದು ಶೋಧ ಮಾಡುವ ಪಂಡಿತರಿಗೆ ಇದು ಬೇಕಂತೆ. ಬೇಕಿದ್ದರೆ ಅವರೇ ಬಂದು ಕೇಳಬಾರದೆ?

ಮೊದಲ ದಿನ ನಾಲ್ಕಾರು ಮನೆ ತಿರುಗುವಷ್ಟರಲ್ಲಿ ಸುದ್ದಿ ಊರೆಲ್ಲ ಹಬ್ಬಿತು. ನಾನು ಓಣಿಗೆ ಕಾಲಿಟ್ಟರೆ ಸಾಕು, ಹೆಂಗಸರು ಒಳಗೆ ಹೋಗಿ ಕದ ಮುಂದೆ ಮಾಡಿಕೊಳ್ಳುತ್ತಿದ್ದರು. ಕಟ್ಟೆಯ ಮೇಲೆ ಕೂತಿದ್ದ ಮುದುಕನೊಬ್ಬ, ಇದನ್ನು ಕೇಳಲು ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲವೆ ಮಾಸ್ತರರೇ ಎಂದ. ತಪ್ಪೇನು ಹೇಳಿದ?

ಮನೆಗೆ ಬಂದು ಹೆಂಡತಿ ಶಾಂತಾಳಿಗೆ ಹೇಳಿದೆ. ಅವಳು ನಗಲಿಲ್ಲ. ಮರುದಿನ ನನಗಿಂತ ಮೊದಲೇ ಬುತ್ತಿ ಕಟ್ಟಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು.

ಅವಳು ಬಂದ ಮೇಲೆ ಕದಗಳು ತೆರೆದವು. ಅವಳು ಒಳಗೆ ಕೂತು ಕೇಳುತ್ತಿದ್ದಳು, ನಾನು ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೆ. ಹೀಗೆ ಹೋಗಿ ಮುಟ್ಟಿದ್ದು ಯಂಕಪ್ಪನ ಮನೆಗೆ. ಗದ್ದೆ ಕೆಲಸದ ಆಳು. ಮಾತು ಕಡಿಮೆ. ಅವನ ಹೆಂಡತಿ ಹನಮವ್ವ ಬಾಗಿಲ ಹತ್ತಿರವೇ ಅಕ್ಕಿ ಕೇರುತ್ತಿದ್ದಳು. ಶಾಂತಾ ಕೇಳಿದಳು. ಹನಮವ್ವ ಮೊರದಿಂದ ಕಣ್ಣೆತ್ತದೆ ಹೇಳಿದಳು:

"ಆರು ಹಡದೀನ್ರಿ. ಒಂದೂ ಇಲ್ಲ."

ಬರೆದೆ. ಇನ್ನೇನು ಏಳಬೇಕು, ಅಷ್ಟರಲ್ಲಿ ಎರಡು ಮನೆಗಳ ನಡುವಿನ ಮೋಟುಗೋಡೆಯ ಮೇಲೆ ಒಂದು ಹುಡುಗಿಯ ತಲೆ ಕಾಣಿಸಿತು. ಎಂಟರ ಆಸುಪಾಸು. ಕಂಕುಳಲ್ಲಿ ಕಿನ್ನಾಳದ ಬಣ್ಣದ ಬೊಂಬೆ. 'ಚಿಗವ್ವ, ಮಜ್ಜಿಗಿ ಐತೇನ?' ಎಂದು ಕೇಳಿತು. ಹನಮವ್ವ ಎದ್ದು ಮಜ್ಜಿಗೆ ಕೊಟ್ಟಳು. ಹುಡುಗಿ ಕುಡಿದು ಮುಗಿಸುವವರೆಗೂ ಬೇರೆಲ್ಲೋ ನೋಡುತ್ತ ನಿಂತಳು. ಚೊಂಬು ವಾಪಸು ತೆಗೆದುಕೊಂಡು ಒಳಗೆ ಹೋದಳು.

ಆ ಹುಡುಗಿಯ ಹುಬ್ಬು, ಗದ್ದ, ನಗುವಾಗ ಒಂದು ಕಡೆ ಓರೆಯಾಗುವ ತುಟಿ! ಹನಮವ್ವನದೇ ಪಡಿಯಚ್ಚು. ಶಾಂತಾ ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ.

ಪಕ್ಕದ ಮನೆ ಗಂಗವ್ವನದು. ಗಂಡ ತೀರಿಕೊಂಡವಳು. ಮನೆಯಲ್ಲಿ ಯಾರ್ಯಾರಿದ್ದೀರಿ ಎಂದರೆ ತಾನು ಮತ್ತು ಮಗಳು ತಿಪ್ಪವ್ವ ಎಂದಳು. ಹಡೆದ ಮಕ್ಕಳೆಷ್ಟು ಎಂದರೆ ಒಂದೂ ಇಲ್ಲ ಎಂದಳು. ನನ್ನ ಲೇಖನಿ ನಿಂತುಬಿಟ್ಟಿತು. ಈ ಮಗಳು ಮತ್ತೆ?

"ಹಡದಿಲ್ರಿ," ಎಂದಳು ಗಂಗವ್ವ. "ಕೊಂಡೀನಿ."

ಆಮೇಲೆ ಹುಡುಗಿಯನ್ನು ಹೊರಗೆ ಆಡಲು ಕಳಿಸಿ ಅವಳೇ ಎಲ್ಲ ಹೇಳಿದಳು. ಹನಮವ್ವನ ಮೊದಲಿನ ಐದು ಮಕ್ಕಳು ಒಂದರ ಹಿಂದೊಂದು ಹೋಗಿದ್ದವು. ಕೆಲವು ಹಸುಗೂಸಾಗಿ, ಒಂದು ಚಳಿಜ್ವರಕ್ಕೆ, ಒಂದು ಸಿಡುಬಿಗೆ. ಆರನೆಯದು ಹುಟ್ಟಿದ ಕೂಡಲೆ ಹಿರಿಯರು ಒಂದು ಉಪಾಯ ಹೇಳಿದರು. ಕೂಸನ್ನು ಹಿತ್ತಲ ತಿಪ್ಪೆಯ ಮೇಲೆ ಮಲಗಿಸಿದರು. ಗಂಗವ್ವ ದಾರಿಹೋಕಳಂತೆ ಬಂದು, ಯಾರದೋ ಕೂಸು ಬಿದ್ದಿದೆಯಲ್ಲ ಎಂದು ಎತ್ತಿಕೊಂಡಳು. ಬದಲಿಗೆ ಒಂದು ಮೊರ ತೌಡು ಕೊಟ್ಟಳು. ತಿಪ್ಪೆಯಲ್ಲಿ ಸಿಕ್ಕದ್ದಕ್ಕೆ ತಿಪ್ಪವ್ವ ಎಂದೇ ಹೆಸರು. ಇಷ್ಟು ಕೆಟ್ಟ ಹೆಸರಿನ, ತೌಡಿನ ಬೆಲೆಯ ಕೂಸನ್ನು ಯಮನಾದರೂ ಯಾಕೆ ಒಯ್ದಾನು?

(ನಮ್ಮ ಕಡೆ ತಿಪ್ಪಣ್ಣ, ತಿಪ್ಪವ್ವ ಎಂಬ ಹೆಸರಿನವರು ನಿಮಗೂ ಗೊತ್ತಿರಬಹುದು. ಅವರ ಹಿಂದೆ ಎಷ್ಟು ಸಣ್ಣ ಗೋರಿಗಳಿರುತ್ತವೆ ಎಂದು ನಾವು ಯಾರಾದರೂ ಕೇಳಿದ್ದೇವೆಯೆ?)

ಬೇರೆ ಮನೆಗಳಲ್ಲಿ ಇದು ಒಂದು ಗಳಿಗೆಯ ಆಟ. ಮಾರಿದವರು ಸಂಜೆಗೆ ಕೂಸನ್ನು ಮನೆಗೆ ತರುತ್ತಾರೆ. ಹನಮವ್ವನಿಗೆ ಮಾತ್ರ ಅಷ್ಟು ಧೈರ್ಯ ಬರಲಿಲ್ಲ. ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವವರೆಗೆ ಕೂಸು ಗಂಗವ್ವನದೇ, ಆಮೇಲೆ ಹೇಮಗುಡ್ಡದ ದುರ್ಗಮ್ಮನಿಗೆ ಕಾಯಿ ಒಡೆಸಿ ಮನೆಗೆ ಕರೆತರುತ್ತೇನೆ ಎಂದು ಹರಕೆ ಹೊತ್ತಳು. ಹಾಲನ್ನೂ ದಾದಿಯಂತೆ ಗಂಗವ್ವನ ಮನೆಗೆ ಹೋಗಿಯೇ ಕುಡಿಸಿದಳು. ಮಗಳು ಮೊದಲು ಮಾತು ಕಲಿತಾಗ ಅವ್ವ ಎಂದದ್ದು ಗಂಗವ್ವನಿಗೆ. ಹಡೆದವಳು ಚಿಗವ್ವ ಆದಳು.

ಹಾಲುಹಲ್ಲು ಬಿದ್ದು ಹೊಸ ಹಲ್ಲು ಬಂದವಲ್ಲ ಎಂದು ಶಾಂತಾ ಕೇಳಿದಳು. ಗಂಗವ್ವ ತಿಪ್ಪವ್ವನನ್ನು ಒಳಗೆ ಕರೆದಳು. ಹುಡುಗಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

ಆ ಮಧ್ಯಾಹ್ನ ನಾನು ಮುಂದಿನ ಓಣಿಗೆ ಹೋದೆ. ಶಾಂತಾ ಹನಮವ್ವನ ಹತ್ತಿರವೇ ಉಳಿದಳು. ಅಲ್ಲಿ ನಡೆದ ಮಾತು ನನಗೆ ತಿಳಿದದ್ದು ಆಮೇಲೆ. ಮೊದಲು ಶಾಂತಾ ತನ್ನದನ್ನು ಹೇಳಿಕೊಂಡಳಂತೆ. ನಮಗೂ ಒಂದು ಗಂಡು ಕೂಸಾಗಿ, ವರ್ಷ ತುಂಬುವ ಮೊದಲೇ ಹೋಯಿತೆಂದು. (ಅದನ್ನು ಪತ್ರಿಕೆಯ ಈ ಅಂಕಣದಲ್ಲಿ ಇದುವರೆಗೆ ಬರೆದಿರಲಿಲ್ಲ. ಹೇಗೆ ಬರೆಯಬೇಕಿತ್ತು?) ಆಗ ಹನಮವ್ವ ಬಾಯಿಬಿಟ್ಟಳು. ಮಗಳಿಗೆ ಸಿಡುಬು ಬಂದಾಗ ಗೋಡೆಯ ಈಚೆ ನಿಂತೇ ಕಾಲ ಕಳೆದಳಂತೆ. ಕೊಪ್ಪಳದ ಸಂತೆಯಲ್ಲಿ ಯಂಕಪ್ಪ ಕೊಂಡ ಬೊಂಬೆಯನ್ನೂ ಗಂಗವ್ವನ ಕೈಯಿಂದಲೇ ಕೊಡಿಸಿದರಂತೆ. ಹುಡುಗಿ ಓಣಿಯಲ್ಲಿ ಆಡುತ್ತ 'ಅವ್ವಾ' ಎಂದು ಕೂಗಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಎದ್ದೇಳುತ್ತಾಳಂತೆ. ಎದ್ದ ಮೇಲೆ ನೆನಪಾಗುತ್ತದಂತೆ. ತಿರುಗಿ ಕೂರುತ್ತಾಳಂತೆ.

ಹಾಗಾದರೆ ಮಗಳನ್ನು ವಾಪಸು ಕೇಳಬಾರದೆ? ಹರಕೆಯ ಗಡುವು ಮುಗಿದಿದೆ. ಕೇಳಿದರೆ ಗಂಗವ್ವನ ಮನೆ ಬರಿದಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ನನ್ನದು ಎಂದ ಕೂಡಲೆ ಯಾರಾದರೂ ಕೇಳಿಸಿಕೊಂಡರೆ?

ಕೆಲವು ವಾರಗಳ ಮೇಲೆ, ಬರೆದದ್ದನ್ನು ಇನ್ನೊಮ್ಮೆ ತಾಳೆ ನೋಡಲು ಮರಳಿಗೆ ಹೋದೆವು. ಯಂಕಪ್ಪ ಬಾಗಿಲಲ್ಲಿ ತಲೆ ತಗ್ಗಿಸಿ ಕೂತಿದ್ದ. ಹನಮವ್ವ ಒಳಗೆ ಕಂಬಳಿ ಹೊದ್ದು ಮಲಗಿದ್ದಳು. ಚಳಿಜ್ವರ. ಮೈ ಕೆಂಡ. ಜ್ವರದ ಬಾಯಿಗೆ ಎಂಟು ವರ್ಷ ತಡೆದಿಟ್ಟ ಮಾತು ಸಿಕ್ಕಿಬಿಟ್ಟಿತ್ತು. ತಿಪ್ಪಿ, ನನ್ನ ಮಗಳ, ಬಾ ಎಂದು ಒಂದೇ ಸಮನೆ ಕರೆಯುತ್ತಿದ್ದಳು. ಗೋಡೆಯಾಚೆ ಕೇಳದಿರುತ್ತದೆಯೆ?

ನಾವು ಕೂತಿರುವಾಗಲೇ ಗಂಗವ್ವ ಬಂದಳು. ಗೋಡೆಯಿಂದ ಇಣುಕಲಿಲ್ಲ. ಮುಂಬಾಗಿಲಿಂದ ಬಂದಳು. ಹುಡುಗಿಯ ಕೈ ಹಿಡಿದಿದ್ದಳು. ತಲೆಗೆ ಎಣ್ಣೆ ಹಚ್ಚಿ, ಹೆರಳು ಹಾಕಿ, ಹೊಸ ಪರಕಾರ ಉಡಿಸಿದ್ದಳು. ಗಂಡನ ಮನೆಗೆ ಕಳಿಸುವಾಗ ಸಿಂಗರಿಸುತ್ತಾರಲ್ಲ, ಹಾಗೆ. ಹನಮವ್ವನ ತಲೆದೆಸೆಯಲ್ಲಿ ಕೂರಿಸಿದಳು.

"ತಿಪ್ಪವ್ವ, ಇಕಿ ನಿಮ್ಮವ್ವ. ನಾ ಅಲ್ಲ. ಅವ್ವ ಅಂತ ಕರಿ."

ಹುಡುಗಿ ಒಮ್ಮೆ ಇವಳನ್ನು, ಒಮ್ಮೆ ಅವಳನ್ನು ನೋಡಿತು. ಹನಮವ್ವ ಕಣ್ಣು ತೆರೆದಳು. ಅವಳಿಗೆ ತಿಳಿಯಿತು. ಅವಳ ಮುಖದಲ್ಲಿ ಆ ಕ್ಷಣ ಕಂಡ ಹಸಿವನ್ನು ನಾನು ಬರಗಾಲದಲ್ಲೂ ಕಂಡಿಲ್ಲ. ಹುಡುಗಿಯ ತುಟಿ ಅಲುಗಿತು. ಹನಮವ್ವ ಕಂಬಳಿಯೊಳಗಿಂದ ಕೈ ಚಾಚಿದಳು. ಕೆನ್ನೆ ಸವರಲಿಕ್ಕೆಂದುಕೊಂಡೆ. ಅವಳು ಮಗಳ ಬಾಯಿ ಮುಚ್ಚಿದಳು.

"ಬ್ಯಾಡ. ಚಿಗವ್ವ ಅನ್ನು. ಹಂಗ ಅಂದಿದ್ದಕ್ಕನ ನೀ ಉಳದೀದಿ."

ಗಂಗವ್ವ ಹೊಸ್ತಿಲ ಮೇಲೆ ಕುಸಿದು ಕೂತು ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಹಗುರಾಗಿ ಅತ್ತಳೋ, ನೊಂದು ಅತ್ತಳೋ, ನನಗೆ ಗೊತ್ತಾಗಲಿಲ್ಲ.

ಗಂಗಾವತಿಯಿಂದ ಕ್ವಿನೈನ್ ತಂದು ಕೊಟ್ಟೆವು. ಜ್ವರ ಬಿಟ್ಟಿತು. ಅಷ್ಟು ದಿನವೂ ಗಂಜಿ ಕುಡಿಸಿದವಳು ತಿಪ್ಪವ್ವನೇ. ಮುಂದಿನ ಸಲ ಹೋದಾಗ ಯಂಕಪ್ಪ ಮೋಟುಗೋಡೆಯ ಕಲ್ಲು ಕಿತ್ತು, ಒಬ್ಬರು ಹಾಯುವಷ್ಟು ದಾರಿ ಮಾಡಿದ್ದ. ಒಂದೇ ಒಲೆಯ ಮೇಲೆ ಗಂಗವ್ವ ರೊಟ್ಟಿ ಬಡಿಯುತ್ತಿದ್ದಳು. ಹನಮವ್ವ ಹುಡುಗಿಯ ತಲೆ ಬಾಚುತ್ತಿದ್ದಳು. ಎಂಟು ವರ್ಷದಲ್ಲಿ ಮೊದಲ ಸಲವಂತೆ. ಸಿಕ್ಕು ಬಿಡಿಸುವುದರಲ್ಲಿ ಅವಳಿಗೆ ಯಾವ ಅವಸರವೂ ಇರಲಿಲ್ಲ. ಹುಡುಗಿ 'ನೋಯ್ತದ ಚಿಗವ್ವ' ಎಂದು ಗೊಣಗುತ್ತಿತ್ತು.

ನನಗೆ ಕಾಗದದ ಚಿಂತೆ. ಮೇಲಕ್ಕೆ ಕಳಿಸುವ ಹೊತ್ತು ಬಂದಿತ್ತು. ಶಾಂತಾ ಹನಮವ್ವನನ್ನು ಮೆಲ್ಲಗೆ ಕೇಳಿದಳು, ಈಗಲಾದರೂ ಉಳಿದದ್ದು ಒಂದು ಎಂದು ಬರೆಸಲೇ ಎಂದು. ಇದನ್ನು ಯಾರು ನೋಡುತ್ತಾರೆ ಎಂದು ಹನಮವ್ವ ವಿಚಾರಿಸಿದಳು. ರಾಜಧಾನಿ ಹೈದರಾಬಾದಿನಲ್ಲಿ ದೊಡ್ಡ ದೊಡ್ಡವರು ನೋಡುತ್ತಾರೆ ಎಂದೆ ನಾನು.

"ಯಮನೂ ದೊಡ್ಡಾವನ ಅಲ್ರಿ ಮಾಸ್ತರ್ರ," ಎಂದಳು. "ಇಲ್ಲ ಅಂತನ ಇರಲಿ."

ಇಲ್ಲ ಎಂದೇ ಹೋಯಿತು. ನಾಳೆ ಯಾವುದೋ ಪಂಡಿತರು ಹುಟ್ಟು ಸಾವುಗಳ ಕೋಷ್ಟಕ ಮಾಡಿ, ಈ ಸೀಮೆಯಲ್ಲಿ ಮಕ್ಕಳು ಉಳಿಯುವುದಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆಯುತ್ತಾರೆ. ಬರೆಯಲಿ. ಐದು ಮಕ್ಕಳ ಮಟ್ಟಿಗೆ ಅವರು ಹೇಳುವುದು ಖರೆ. ಆದರೆ ಇರುವ ಒಂದನ್ನು ಉಳಿಸಿಕೊಳ್ಳಲು ಇಲ್ಲವೆಂದು ಹೇಳುವವಳು ಮರಳಿಯಲ್ಲಿ ಒಬ್ಬಳೇ ಇದ್ದಾಳೆಯೆ? ಯಲಬುರ್ಗಿಯಲ್ಲಿ, ಕುಷ್ಟಗಿಯಲ್ಲಿ ಕಾಗದ ಹಿಡಿದು ತಿರುಗಿದ ನನ್ನಂಥ ಮಾಸ್ತರರು ಎಷ್ಟು ಹನಮವ್ವಂದಿರ ಮುಂದೆ ಕೂತು ಬಂದರೋ.

ಗದ್ದೆಯ ಬದುವಿನ ಮೇಲೆ ವಾಪಸು ನಡೆದು ಬರುತ್ತಿದ್ದೆವು. ಶಾಂತಾ ಹಿಂದೆ ಉಳಿದಿದ್ದಳು. ನಿಂತೆ. ಹತ್ತಿರ ಬಂದವಳು ನನ್ನ ಮುಖ ನೋಡದೆ ಕೇಳಿದಳು:

"ನಮ್ಮ ಕೂಸಿಗೆ ನಾವು ಭಾಳ ಛಲೋ ಹೆಸರಿಟ್ಟಿವೇನ್ರಿ?"