ಉಬ್ಬಿನ ಮೇಲೆ ಕೂರದ ಬಳ್ಳಿ

ಮೊದಲ ದಿನ ಕಾರ್ಖಾನೆಯ ಬಾಗಿಲು ದಾಟಿದಾಗ ಎದುರಿಗೆ ಹನ್ನೆರಡು ಕುದುರೆಗಳು ಸಾಲಾಗಿ ನಿಂತಿದ್ದವು. ಒಂದಕ್ಕೂ ತಲೆ ಇರಲಿಲ್ಲ. ಮರದ ಕಾಲು, ಮರದ ಬೆನ್ನು, ಅದರ ಮೇಲೆ ಚರ್ಮದ ಜೀನು. ಕಾನ್ಪುರದಲ್ಲಿ ಈ ಮರದ ಚೌಕಟ್ಟಿಗೂ ‘ಘೋಡಿ’, ಅಂದರೆ ಹೆಣ್ಣುಕುದುರೆ, ಎಂದೇ ಹೆಸರು. ಕರಾವಳಿಯ ನರಿಕೊಂಬಿನ ನಾನು ಜೀವವಿರುವ ಕುದುರೆಯನ್ನು ಮುಟ್ಟಿದವಳಲ್ಲ; ಇಂದಿಗೂ ಮುಟ್ಟಿಲ್ಲ.

ನನ್ನವರಿಗೆ ಇಲ್ಲಿನ ಹೋಟೆಲೊಂದರಲ್ಲಿ ದೋಸೆ ಹೊಯ್ಯುವ ಕೆಲಸ. ಒಂದೇ ಕೋಣೆ, ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಊರಿನ ಕುಚ್ಚಲಕ್ಕಿ ಇಲ್ಲ, ಬಂಗುಡೆ ಮೀನು ಇಲ್ಲ. ಜನವರಿಯಲ್ಲಿ ತೆಂಗಿನೆಣ್ಣೆ ಬಾಟಲಿಯೊಳಗೆ ಮೇಣವಾಗುತ್ತದೆ. ಹಗಲಿಡೀ ತುಳುವಿನಲ್ಲಿ ಒಂದು ಮಾತಾಡಲೂ ಜನವಿಲ್ಲದೆ, ಪಕ್ಕದ ಮನೆಯಾಕೆಯ ಹಿಂದೆ ಜೀನಿನ ಕಾರ್ಖಾನೆಗೆ ಹೋದೆ.

ಅಲ್ಲಿ ಚರ್ಮದ ಮೇಲೆ ಬಳ್ಳಿ, ಹೂವು ಕೊರೆಯುವವರು ಶಕೀಲ್ ಉಸ್ತಾದರು. ಉಸ್ತಾದ್ ಎಂದರೆ ಗುರು. ಚರ್ಮವನ್ನು ನೆನೆಸಿ, ಹದವಾಗಿ ಆರಿಸಿ, ಚೂರಿಯಿಂದ ಗೆರೆ ಎಳೆದು, ಸುತ್ತಲಿನ ಭಾಗವನ್ನು ಉಳಿಯಿಂದ ತಟ್ಟಿ ಇಳಿಸಿದರೆ ಹೂವು ಮೇಲೆದ್ದು ನಿಲ್ಲುತ್ತದೆ. ಆ ಹದ ಹಿಡಿಯಲು ಬೇರೆಯವರಿಗೆ ತಿಂಗಳುಗಳು ಬೇಕು. ನನಗೆ ಬೇಕಾಗಲಿಲ್ಲ. ಹದಿನಾಲ್ಕು ವರ್ಷ ಬೀಡಿಯ ಎಲೆ ನೆನೆಸಿ, ಗೋಣಿಯಲ್ಲಿ ಸುತ್ತಿಟ್ಟು ನೋಡಿದ ಕೈ ಇದು.

ಚಪ್ಪಟೆ ಚರ್ಮದಲ್ಲಿ ಪಾಸಾದೆ. ಕೊನೆಯ ಪರೀಕ್ಷೆ ಜೀನಿನ ಮುಂದಿನ ಉಬ್ಬು. ಬಳ್ಳಿ ಆ ಉಬ್ಬನ್ನು ಹತ್ತಿ ಇಳಿದು ತನ್ನ ಬುಡವನ್ನೇ ಸೇರಬೇಕು. ಸೇರಿದರೆ ಕೆಲಸ ಖಾಯಂ. ಇಲ್ಲದಿದ್ದರೆ ಮತ್ತೆ ಆ ಕೋಣೆ, ಆ ಗೋಡೆ.

ಬೀಡಿ ಎಲೆಗೆ ತಗಡಿನ ಅಚ್ಚಿಟ್ಟು ಕತ್ತರಿಸುವ ಅಭ್ಯಾಸ ನಮ್ಮದು. ಬಿಸ್ಕತ್ತಿನ ಡಬ್ಬಿಯ ಮುಚ್ಚಳ ಕತ್ತರಿಸಿ ಎಲೆಯ ಅಚ್ಚು ಮಾಡಿದೆ. ಎಲ್ಲ ಎಲೆಗಳೂ ಒಂದೇ ಅಳತೆ. ಉಬ್ಬು ದಾಟಿದ ಮೇಲೆ ಕೊನೆಯ ಎಲೆ ಮೊದಲನೆಯದರ ಮೇಲೆ ಹತ್ತಿ ಕುಳಿತಿತು. ಚರ್ಮದಲ್ಲಿ ಬಿದ್ದ ಗೆರೆ ಅಳಿಸುವಂಥದ್ದಲ್ಲ.

ಉಸ್ತಾದರು ಸಿಟ್ಟಾಗಲಿಲ್ಲ. “ಇನ್ನೊಂದು ತುಂಡು ಇದೆ ಬೇಟಿ. ಒಂದೇ,” ಎಂದರು. ಬೇಟಿ ಎಂದರೆ ಮಗಳು.

ಸಂಜೆ ಊರಿಗೆ ಫೋನ್ ಮಾಡಿದೆ. ಬೀಡಿ ಕಲಿಸಿದ ಚಿಕ್ಕಮ್ಮ ಗಿರಿಜ ಎಲ್ಲವನ್ನೂ ಕೇಳಿ ನಕ್ಕಳು.

“ಎಂಥ ಮಾರಾಯ್ತಿ! ಬೀಡಿ ಸುತ್ತುವಾಗ ತಗಡು ಇಟ್ಟುಕೊಳ್ತಿಯಾ ನೀನು?”

“ಇಲ್ಲ.”

“ಮತ್ತೆ? ಕತ್ತರಿಸ್ಲಿಕ್ಕೆ ತಗಡು, ಸುತ್ಲಿಕ್ಕೆ ಬೆರಳು. ಅಷ್ಟು ದೂರ ಹೋಗಿ ಅಷ್ಟೂ ಮರ್ತೆಯಾ? ನಿನ್ನ ಕುದುರೆ ನಗಾಡ್ತದೆ.”

“ಕುದುರೆಗೆ ತಲೆಯೇ ಇಲ್ಲ ಚಿಕ್ಕಮ್ಮ.”

“ನಿನಗಾದ್ರೂ ಉಂಟಲ್ಲ?”

ಮರುದಿನ ತಗಡು ಬದಿಗಿಟ್ಟೆ. ಒದ್ದೆ ಚರ್ಮವನ್ನು ಉಬ್ಬಿಗೆ ಎಳೆದು ಕೂರಿಸಿ, ನೆತ್ತಿಯಿಂದ ಶುರುಮಾಡಿ, ಹೆಬ್ಬೆರಳು ಎಲ್ಲಿ ಜಾರಿತೋ ಅಲ್ಲಿಗೆ ಎಲೆ ಎಳೆದೆ. ಇಳಿಜಾರಿನಲ್ಲಿ ಎಲೆಗಳು ಸಣ್ಣವಾದವು. ಬಳ್ಳಿ ಬುಡ ಸೇರಿತು. ಉಸ್ತಾದರು ಅದರ ಮೇಲೆ ಬೆರಳಾಡಿಸಿ, ಆ ಜೀನನ್ನು ಸಾಲಿಗೆ ಹೊಸದಾಗಿ ಸೇರಿಸಿದ ಹದಿಮೂರನೆಯ ಘೋಡಿಯ ಮೇಲೆ ಇಟ್ಟರು.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಚಿಕ್ಕಮ್ಮನ ಬೀಡಿ ಮೊರವನ್ನು ಮಡಿಲಿಗೆ ಎಳೆದುಕೊಂಡೆ. ನಾನು ಸುತ್ತಿದ ಬೀಡಿಗಳನ್ನು ಅವಳು ಒಂದೊಂದಾಗಿ ಹಿಸುಕಿ ನೋಡಿ ಪಕ್ಕಕ್ಕಿಟ್ಟಳು. “ಎಷ್ಟು ಗಟ್ಟಿ ಮಾಡಿದ್ದಿ! ಇದು ಚೆಕ್ಕಿಂಗಿನಲ್ಲಿ ಪಾಸಾಗ್ಲಿಕ್ಕಿಲ್ಲ. ನಿನ್ನದು ಕಾನ್ಪುರದ ಕೈ ಆಯ್ತು ಮಾರಾಯ್ತಿ.”

ಕಾರ್ಖಾನೆಗೆ ಯಾರಾದರೂ ಬಂದರೆ ಉಸ್ತಾದರು ನನ್ನ ಉಬ್ಬಿನ ಕೆಲಸವನ್ನು ತೋರಿಸುತ್ತಾರೆ. “ನೋಡಿ,” ಎನ್ನುತ್ತಾರೆ, “ಇದು ಬೀಡಿಯವಳ ಕೈ.”