ಹೊಳೆಮ್ಮನವರ ಮನೆಯ ಒಂಟಿ ಹೆಜ್ಜೆ

ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣಿನ ಚಿಕಿತ್ಸೆಗೆ ಹೊಸಪೇಟೆ ಸೀಮೆಯಲ್ಲೆಲ್ಲ ಹೆಸರಾದ ಡಾ. ಜಂಬುನಾಥ್ ಅವರು ಕತ್ತರಿಸಿದ ಕಾಲುಗಳಿಂದಲ್ಲ, ಉಳಿಸಿಕೊಟ್ಟ ಕಾಲುಗಳಿಂದ ದೊಡ್ಡವರಾದವರು. ಅವರ ಬಳಿ ಡ್ರೆಸ್ಸಿಂಗ್ ನರ್ಸ್ ಆಗಿ ಸೇವೆ ಸಲ್ಲಿಸಿದ ಗಾಯತ್ರಿ ನಾನು, ಶುದ್ಧ ಪುಕ್ಕಲಿ. ಅವರ ಸನ್ಮಾನದ ಈ ಶುಭ ಸಂದರ್ಭದಲ್ಲೂ ನನಗೆ ನೆನಪಾಗುವುದು ಮೈ ಜುಮ್ಮೆನ್ನುವ ಸಂಗತಿಯೇ.

ಕಂಪ್ಲಿಯ ಹೊಳೆಮ್ಮ ಪತಿ ಗಾಳೆಪ್ಪನವರೊಡನೆ ತಪಾಸಣೆಗೆ ಬಂದಿದ್ದರು. "ನಿದ್ದಿ ಇಲ್ರೀ ಸಾಹೇಬ್ರ. ದಿನಾ ಬೆಳಗಾದ್ರ ನಮ್ಮ ಮನ್ಯಾಗ ಕೆಂಪು ಹೆಜ್ಜಿ ಇರ್ತಾವ. ಅದೂ ಬರೇ ಬಲಗಾಲಿನವು," ಎಂದರು. ಸತ್ತ ಅತ್ತೆಯೇ ಬರುತ್ತಿದ್ದಾರೆಂದು ಹೊಸ್ತಿಲಿಗೆ ಬೂದಿ ಚೆಲ್ಲಿದ್ದರಂತೆ. "ಬೂದಿ ಹಂಗ ಐತ್ರಿ. ಹೊರಗಿಂದ ಯಾರೂ ಬಂದಿಲ್ಲ," ಎಂದರು ಗಾಳೆಪ್ಪನವರು. ಅಬ್ಬಾ, ನಾನು ಸಾರ್ ಕುರ್ಚಿಯ ಹಿಂದಕ್ಕೆ ಸರಿದೆ.

ಸಾರ್ ನಗಲಿಲ್ಲ, ಗದರಲಿಲ್ಲ. "ಬಲಗಾಲು ಮ್ಯಾಲ ಇಡ್ರಿ," ಎಂದರು.

ಅಂಗಾಲಿನಲ್ಲಿ ಆಳವಾದ ಹುಣ್ಣು. ಅದರೊಳಗೆ ಹಸಿರು ಬಳೆಚೂರು. ನಸುಕಿನ ಕತ್ತಲಲ್ಲಿ ಮನೆಯೊಳಗಿನ ನಲ್ಲಿ ನೀರಿಗೆಂದು ಎದ್ದು ಓಡಾಡುತ್ತಿದ್ದ ಹೊಳೆಮ್ಮನವರದೇ ಆ ಹೆಜ್ಜೆ. ಕಾಯಿಲೆ ಪಾದದ ನರಗಳನ್ನು ಕೊಂದಿತ್ತು, ನೋವೇ ತಿಳಿದಿರಲಿಲ್ಲ.

"ಮೊಣಕಾಲ ತನಕ ತಗೀತೀರೇನ್ರಿ?" ಗಾಳೆಪ್ಪನವರು ಅತ್ತೇಬಿಟ್ಟರು. ಸಾರ್ ಪಾದದ ನಾಡಿ ನೋಡಿ, ಎಕ್ಸ್‌ರೇ ತೆಗೆಸಿದರು. "ರಕ್ತ ಓಡ್ತೈತಿ, ಎಲುಬಿಗೆ ಇಳಿದಿಲ್ಲ. ಕಾಲು ಉಳಸಾಕ ನೋಡೋಣು," ಎಂದರು.

ಸತ್ತ ಮಾಂಸ ಹೆರೆದು ತೆಗೆಯಲು ಅರಿವಳಿಕೆಯೇ ಬೇಕಾಗಲಿಲ್ಲ. ಹೊಳೆಮ್ಮ ಸೂರು ನೋಡುತ್ತ ಪುಂಡಿಪಲ್ಯದ ಮಾತಾಡುತ್ತಿದ್ದರು. ಇತ್ತ ಟ್ರೇ ತುಂಬುತ್ತಿತ್ತು. ನಾನು ಪಟ್ಟಿ ಕಟ್ಟಿ ಮುಗಿಸಿದ ಮೇಲೆ, "ಯಾವಾಗ ಶುರು ಮಾಡ್ತೀರಿ?" ಎಂದರು ಹೊಳೆಮ್ಮ! ಆ ಮಾತು ಇಂದಿಗೂ ನನ್ನ ಬೆನ್ನು ಬಿಟ್ಟಿಲ್ಲ.

ಇನ್ಸುಲಿನ್, ಸೋಂಕಿನ ಔಷಧಿ, ಹುಣ್ಣಿನ ಮೇಲೆ ಭಾರ ಬೀಳದಂತೆ ಪ್ಲಾಸ್ಟರ್, ತಿಂಗಳುಗಟ್ಟಲೆ ಡ್ರೆಸ್ಸಿಂಗ್. ರಜೆಯಲ್ಲೂ ಸಾರ್ ಕಂಪ್ಲಿ ಬಸ್ಸು ಹತ್ತಿ ಆ ಕಾಲು ನೋಡಿ ಬರುತ್ತಿದ್ದರು. ಕೊನೆಗೂ ಹುಣ್ಣು ಮಾಯಿತು.

"ಇನ್ನ ಮನಿಯೊಳಗೂ ಚಪ್ಪಲಿ ಬಿಡಬ್ಯಾಡ್ರಿ," ಎಂದರು ಸಾರ್.

"ಒಲಿ ಮುಂದೂ ಏನ್ರಿ? ನಮ್ಮತ್ತಿ ಖರೇನ ಎದ್ದು ಬರ್ತಾಳ!"

"ಬರ್ಲಿ ಬಿಡ್ರಿ, ಆಕಿಗೂ ಒಂದು ಜೊತಿ ಕೊಡಸೋಣು."

ಮೊನ್ನೆ ಈ ಸಮಾರಂಭಕ್ಕೆ ಕರೆಯಲು ಬೆಳಿಗ್ಗೆಯೇ ಅವರ ಮನೆಗೆ ಹೋಗಿದ್ದೆ. ನಲ್ಲಿಯಿಂದ ಒಲೆಯವರೆಗೆ ಒದ್ದೆ ಚಪ್ಪಲಿ ಗುರುತು, ಎರಡೂ ಕಾಲಿನವು. ನನ್ನ ಕಣ್ಣು ತುಂಬಿತು. ಒಲೆಯ ಪಕ್ಕದಲ್ಲಿ ಇನ್ನೊಂದು ಜೊತೆ ಚಪ್ಪಲಿ ಇತ್ತು. "ಅದು ಅತ್ತಿದು," ಎಂದು ಹೊಳೆಮ್ಮ ರೊಟ್ಟಿ ಬಡಿಯುತ್ತಲೇ ಹೇಳಿದರು.

ಸಾರ್, ನೂರ್ಕಾಲ ಬಾಳಿರಿ. ನಮ್ಮ ಸೀಮೆಯ ಅಂಗಾಲುಗಳನ್ನು ನೋಡುತ್ತಲೇ ಇರಿ. ಅತ್ತೆಯ ಆ ಚಪ್ಪಲಿಯ ಅಡಿ ಒದ್ದೆಯಾಗಿದೆಯೋ ಇಲ್ಲವೋ, ಅದನ್ನು ಮಾತ್ರ ನೀವೇ ಬಂದು ತಿರುಗಿಸಿ ನೋಡಿ. ನನಗೆ ಧೈರ್ಯವಾಗಲಿಲ್ಲ.