ಗೋಡೆಗೆ ಮುಖ ಮಾಡಿದ ಚಿತ್ರಗಳು

ಶಿವಲಿಂಗವ್ವ ಸ್ವಾರ್ಥಿ. ಈ ಮಾತನ್ನು ನಾನು ಅವಳೆದುರಿಗೇ ಹೇಳಿದ್ದೇನೆ, ಅವಳು ಅಲ್ಲಗಳೆಯಲಿಲ್ಲ. ಕುಂಚ ಕೇಳಿದರೆ ಕೊಡುತ್ತಿರಲಿಲ್ಲ. ಆ ಹಸಿರು ಹೇಗೆ ಬಂತೆಂದು ಕೇಳಿದರೆ ಹೇಳುತ್ತಿರಲಿಲ್ಲ. ತಾನು ಬರೆದದ್ದನ್ನು ಯಾರಿಗೂ ತೋರಿಸುತ್ತಿರಲಿಲ್ಲ. ಚಿತ್ರಕಲೆ ಕಲಿಯಲು ಬಂದವಳಿಗೆ ಈ ಕೊನೆಯದು ಸಣ್ಣ ದೋಷವಲ್ಲ.

ಅವಳು ಬಂದದ್ದು ೧೯೭೯ರಲ್ಲಿ. ಬಾಗಲಕೋಟೆಯ ನಮ್ಮ ಚಿತ್ರಕಲಾ ಕಾಲೇಜು ಆಗ ಹಳೆಯ ಹತ್ತಿ ಗೋದಾಮಿನ ಮಾಳಿಗೆಯಲ್ಲಿತ್ತು. ಹನ್ನೊಂದು ಗಂಟೆಯ ಬಿಸಿಲಿಗೆ ಪೋಸ್ಟರ್ ಬಣ್ಣ ಬಟ್ಟಲಲ್ಲೇ ಒಣಗುತ್ತಿತ್ತು. ನಾನು ವಾರಕ್ಕೆರಡು ದಿನ ಕಲೆಯ ಇತಿಹಾಸ ಕಲಿಸುತ್ತಿದ್ದ ಮೇಡಂ, ಅಲ್ಲಿಯ ಮಾತಿನಲ್ಲಿ ಬಾಯಾರು. ಹದಿನಾಲ್ಕು ಜನರ ತರಗತಿಯಲ್ಲಿ ಹುಡುಗಿಯರು ಇಬ್ಬರೇ: ಇಳಕಲ್ಲಿನ ನೇಕಾರ ಬಾಬಣ್ಣನ ಮಗಳು ಶಿವಲಿಂಗವ್ವ, ಹುನಗುಂದದ ಬಿಬಿಜಾನ. ಮೂರು ವರ್ಷದ ಡಿಪ್ಲೊಮಾ ಪಾಸಾದರೆ ಶಿವಲಿಂಗವ್ವನಿಗೆ ಊರಿನ ನೇಕಾರರ ಸಂಘದಲ್ಲಿ ಸೀರೆಯ ವಿನ್ಯಾಸ ಬರೆಯುವ ಕೆಲಸ ಕಾದಿತ್ತು. ಆಗದಿದ್ದರೆ ಮತ್ತೆ ಮನೆಯ ಮಗ್ಗದ ಬಳಿ ಕೂತು ಹರಿದ ಎಳೆಗೆ ಗಂಟು ಹಾಕುವುದು. ಹತ್ತು ವರ್ಷ ಗಂಟು ಹಾಕಿದ್ದಳು, ಸಾಕಾಗಿತ್ತು.

ಶನಿವಾರ ಗುರಲಿಂಗಪ್ಪ ಮಾಸ್ತರರು ವಾರದ ಕೆಲಸವನ್ನೆಲ್ಲ ಗೋಡೆಗೆ ಚುಚ್ಚಿಸಿ, ಒಬ್ಬರ ಚಿತ್ರದ ಬಗ್ಗೆ ಇನ್ನೊಬ್ಬರಿಂದ ಮಾತಾಡಿಸುತ್ತಿದ್ದರು. ಮೊದಲ ಶನಿವಾರವೇ ಹದಿಮೂರು ಕತ್ತೆಯ ಚಿತ್ರಗಳ ನಡುವೆ ಒಂದು ಖಾಲಿ ಹಾಳೆ ಕಂಡಿತು. ಚಿತ್ರದ ಮುಖ ಗೋಡೆಗೆ, ಬೆನ್ನು ನಮಗೆ.

"ಏನವ್ವಾ ಇದು, ಚಿತ್ರಕ್ಕ ನಾಚಿಕಿ ಬಂದೈತೇನು?" ಎಂದರು ಮಾಸ್ತರರು.

"ಹಚ್ಚು ಅಂದ್ರಿ, ಹಚ್ಚೇನ್ರಿ ಸರ. ತೋರಸು ಅಂದಿಲ್ಲರಿ. ನೋಡಿದವರು ಕಣ್ಣಾಗ ಎತ್ತಿಕೊಂಡು ಹೋಗ್ತಾರ."

"ನಿನ್ನ ಕತ್ತಿ ಯಾರ್ ಒಯ್ತಾರ ಬಿಡ," ಎಂದಳು ಬಿಬಿಜಾನ. "ಬರಿಯೂಮುಂದ ಕಳ್ಳಗಣ್ಣಿಲೆ ನೋಡೇನಿ. ಅದು ಕತ್ತಿನೋ ಎಮ್ಮಿನೋ ಅಂತ ಕತ್ತಿಗೇ ಖಬರ್ ಇಲ್ಲ."

ಇಡೀ ತರಗತಿ ನಕ್ಕಿತು. ಶಿವಲಿಂಗವ್ವ ನಗಲಿಲ್ಲ, ಹಾಳೆಯನ್ನು ತಿರುಗಿಸಲೂ ಇಲ್ಲ.

ಇದರ ಮೂಲ ಅವಳ ಮನೆಯಲ್ಲಿತ್ತು. ಮಗ್ಗದ ಮೇಲೆ ಸೀರೆಯ ಅಂಚಿನ ಹೊಸ ದಡಿ ಏರಿದಾಗ ಬಾಗಿಲಲ್ಲಿ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ನೇಯ್ಗೆಯ ಮೇಲೆ ಬಟ್ಟೆ ಎಸೆಯುತ್ತಾರೆ. ಒಮ್ಮೆ ಯಾರೋ ಬೀಗರು ಚಹಾ ಕುಡಿಯುತ್ತ ಕೂತವರು ಬಾಬಣ್ಣನ ದಡಿಯ ಎಳೆ ಎಣಿಸಿಕೊಂಡು ಹೋದರಂತೆ. ತಿಂಗಳೊಳಗೆ ಅದು ಪಕ್ಕದ ಓಣಿಯ ಏಳು ಮಗ್ಗದ ಮೇಲಿತ್ತು. ಬಟ್ಟೆ ಎಸೆಯುವುದು ಮನೆಯಲ್ಲಿ ಶಿವಲಿಂಗವ್ವನ ಕೆಲಸವಾಗಿತ್ತು. ಅದನ್ನವಳು ಬಾಗಲಕೋಟೆಯಲ್ಲೂ ಮುಂದುವರಿಸಿದ್ದಳು, ಅಷ್ಟೆ.

ಎರಡನೆಯ ವರ್ಷ ಎಲ್ಲರನ್ನೂ ಬಾದಾಮಿಗೆ ಕರೆದುಕೊಂಡು ಹೋದೆವು. ಉಳಿದವರು ಹೊಂಡದ ದಂಡೆಯಲ್ಲಿ ಸಾಲಾಗಿ ಕೂತು ಗುಡಿ ಬರೆದರು. ಶಿವಲಿಂಗವ್ವ ಮಾತ್ರ ಬೆನ್ನ ಹಿಂದೆ ಯಾರೂ ನಿಲ್ಲದಂತೆ ಬಂಡೆಗೆ ಒರಗಿ ಕೂತಳು. ಮೇಲಿನಿಂದ ಯಾರಾದರೂ ಬಂದಾರೆಂದು ಅವಳು ಯೋಚಿಸಿರಲಿಲ್ಲ. ದೊಡ್ಡ ಮಂಗವೊಂದು ಇಳಿದು ಬಂದು, ಬುತ್ತಿಯ ಗಂಟು ಬಿಟ್ಟು, ಅವಳ ಹಾಳೆಯನ್ನೇ ಕಿತ್ತುಕೊಂಡು ಮಂಟಪದ ಮೇಲೆ ಕೂತಿತು.

"ಅಯ್ಯ ನನ್ನ ಹಾಳಿ! ಕೊಡ, ನಿನ್ನ ಹೆಣಾ ಎತ್ಲಿ!"

ಮಂಗ ಹಾಳೆಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಮೂಸಿ ನೋಡಿ, ನಮ್ಮ ಕಡೆ ತಿರುಗಿಸಿತು. ಹುಡುಗರ ನಗೆ ಅರ್ಧಕ್ಕೇ ನಿಂತಿತು. ಹೊಂಡದ ಮೆಟ್ಟಿಲುಗಳು ಸೀರೆಯ ದಡಿಯಂತೆ ಸಾಲುಸಾಲಾಗಿ ಇಳಿದಿದ್ದವು. ಬಟ್ಟೆ ಒಗೆಯುವ ಹೆಂಗಸರು ಚೌಕಚೌಕದಲ್ಲಿ ಕೂತಿದ್ದರು. ಒಂದೂ ಬಾಗಿದ ಗೆರೆ ಇರಲಿಲ್ಲ. ಆದರೂ ನೀರು ಅಲುಗುತ್ತಿತ್ತು.

"ಎರಡ ವರ್ಷದಾಗ ನನ್ನ ಕೈಲೆ ಆಗದ್ದನ್ನ ಮಂಗ್ಯಾ ಮಾಡ್ತಲ್ಲೋ," ಎಂದರು ಗುರಲಿಂಗಪ್ಪ. ಬಿಬಿಜಾನ ತನ್ನ ಬುತ್ತಿಯ ರೊಟ್ಟಿಯನ್ನೆಲ್ಲ ಎಸೆದು ಹಾಳೆ ಬಿಡಿಸಿಕೊಂಡಳು. ಒಂದು ಮೂಲೆ ಹರಿದಿತ್ತು. ಶಿವಲಿಂಗವ್ವ ಅದನ್ನು ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡಳು. ಬಿಬಿಜಾನಳಿಗೆ ತನ್ನ ರೊಟ್ಟಿ ಕೊಡಲಿಲ್ಲ.

ಕೊನೆಯ ಪರೀಕ್ಷೆ ೧೯೮೨ರ ಏಪ್ರಿಲ್‌ನಲ್ಲಿ. ಹೊರಗಿನಿಂದ ಬಂದ ಪರೀಕ್ಷಕರು ಗೋಡೆಯ ಮೇಲೆ ಕಂಡದ್ದಕ್ಕಷ್ಟೇ ಅಂಕ ಕೊಡುತ್ತಾರೆ. ಒಂಬತ್ತೂವರೆಗೆ ನಾನು ಮಾಳಿಗೆ ಹತ್ತಿದಾಗ ಶಿವಲಿಂಗವ್ವನ ಪಾಲಿನ ಗೋಡೆಯಲ್ಲಿ ಮೂರು ಹಾಳೆಗಳು ನಮಗೆ ಬೆನ್ನು ತೋರಿಸುತ್ತಿದ್ದವು. ಪರೀಕ್ಷಕರು ಬರುವುದು ಹತ್ತಕ್ಕೆ.

"ತಿರುಗಿಸು," ಎಂದೆ.

"ಅವರು ಒಬ್ಬರ ಬಂದಾಗ ತಿರುಗಿಸ್ತೇನ್ರಿ ಬಾಯಾರ. ಈಗ ಊರ ಮಂದಿ ನಿಂತೈತಿ."

"ಅವರು ಒಬ್ಬರೇ ಬರುವುದಿಲ್ಲ. ನಪಾಸಾಗುತ್ತೀ."

ಅವಳು ಹಾಳೆಗಳ ಕಡೆ ತಿರುಗಿದಳು. ಕೈ ಮಾತ್ರ ಏಳಲಿಲ್ಲ. ಅಷ್ಟರಲ್ಲಿ ಬೆಳಗಿನ ಬಸ್ಸಿಗೆ ಬಂದ ಬಾಬಣ್ಣ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಮಗಳ ಗೋಡೆಯನ್ನು ನೋಡಿ, ಹಣೆ ಚಚ್ಚಿಕೊಂಡ.

"ಹುಚ್ಚಿ, ಮಗ್ಗದ ಮ್ಯಾಲ ಇರೂತನಕ ಮುಚ್ಚೂದವ್ವಾ. ಕೊಯ್ದು ಇಳಿಸಿದ ಮ್ಯಾಲೂ ಮುಚ್ಚಿದ್ರ ಸೀರಿ ಯಾರ್ ಉಡಬೇಕು, ಗ್ವಾಡಿ ಉಡ್ತೈತೇನು?"

"ಇದನ್ನ ನೀ ಮದಲಽ ಯಾಕ ಹೇಳ್ಲಿಲ್ಲಪ್ಪಾ?"

"ನಿನಗ ಮುಚ್ಚೂದಷ್ಟಽ ಹೇಳಿದ್ನಿ. ಇಳಿಸೂದು ನನ್ನ ಕೆಲಸಿತ್ತಲ್ಲ!"

ಶಿವಲಿಂಗವ್ವ ಅಪ್ಪನನ್ನು ದಿಟ್ಟಿಸಿದಳು. ಆಮೇಲೆ ಜೋರಾಗಿ ನಕ್ಕಳು. ಮೂರು ವರ್ಷದಲ್ಲಿ ಅವಳ ಹಲ್ಲು ಕಂಡದ್ದು ಅದೇ ಮೊದಲು. ಬಿಬಿಜಾನ ಪಿನ್ನು ಕಿತ್ತು ಕೊಟ್ಟಳು, ಇವಳು ತಿರುಗಿಸಿ ಚುಚ್ಚಿದಳು: ಒಂದು ಅಕ್ಷರಮಾಲೆ, ಬಸ್ ಪ್ರಯಾಣದ ಒಂದು ಪೋಸ್ಟರ್, ಜೋಳದ ತೆನೆಯ ಒಂದು ದಡಿ. ಪರೀಕ್ಷಕರು ದಡಿಯ ಮುಂದೆ ಹತ್ತು ನಿಮಿಷ ನಿಂತರು. ಆವತ್ತು ಸಂಜೆಯೇ ಅವಳು ಪ್ರಥಮ ದರ್ಜೆಯಲ್ಲಿ ಪಾಸಾದ ಸುದ್ದಿ ಬಂತು. ಬಾಬಣ್ಣ ಎಲ್ಲರಿಗೂ ಅಮೀನಗಡದ ಕರದಂಟು ಹಂಚಿದ, ಗೋದಾಮಿನ ಹಮಾಲರಿಗೂ.

ಇಷ್ಟಾದರೂ ನಾನು ನನ್ನ ತೀರ್ಪು ಬದಲಿಸಲಿಲ್ಲ. ಅಂಕಕ್ಕಾಗಿ ತೋರಿಸಿದ್ದನ್ನು ಔದಾರ್ಯ ಎನ್ನಲಾಗದು.

ಮರುದಿನ ಪ್ರದರ್ಶನ ಊರವರಿಗೆಲ್ಲ ತೆರೆದಿತ್ತು. ಮಧ್ಯಾಹ್ನ ಕಮತಗಿಯ ಲಗಮವ್ವ ಎಂಬ ನೇಕಾರ ಹೆಂಗಸು ಬಂದಳು. ದಡಿಯ ಮುಂದೆ ನಿಂತವಳು ಕದಲಲಿಲ್ಲ. ಸೆರಗಿನ ಮರೆಯಲ್ಲಿ ಬಸ್ ಟಿಕೇಟಿನ ಹಿಂಬದಿಗೆ ಪೆನ್ಸಿಲ್ ತುಂಡಿನಿಂದ ಗೆರೆ ಹಾಕಿಕೊಳ್ಳುತ್ತಿದ್ದಳು: ಒಂದು ಎಳೆಗೆ ಒಂದು ಗೆರೆ. ಶಿವಲಿಂಗವ್ವ ಅದನ್ನು ನೋಡಿದಳು. ನಾನೂ ನೋಡಿದೆ, ಜಗಳ ಬಿಡಿಸಲು ಎದ್ದೂ ನಿಂತೆ.

ಅವಳು ನೆಟ್ಟಗೆ ಹೋಗಿ ಲಗಮವ್ವನ ಪಕ್ಕಕ್ಕೆ ನಿಂತಳು. ಆ ಹೆಂಗಸು ಟಿಕೇಟನ್ನು ಮುಷ್ಟಿಯಲ್ಲಿ ಅಡಗಿಸಿದಳು.

"ತಗೀರಿ ಇಲ್ಲೆ," ಎಂದಳು ಶಿವಲಿಂಗವ್ವ. "ತೆನಿ ಬುಡಕ ಏಳಲ್ಲ, ಒಂಬತ್ತು ಎಳಿ. ಹಿಂಗ ನೇಯ್ದ್ರ ಮೂಲಿ ಕೂಡಂಗಿಲ್ಲ."

ಲಗಮವ್ವ ಮುಷ್ಟಿ ಬಿಚ್ಚಿದಳು. ಶಿವಲಿಂಗವ್ವ ಅವಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡು ಟಿಕೇಟಿನ ಮೇಲೆ ಇನ್ನೆರಡು ಗೆರೆ ಎಳೆದಳು.